ಫ್ಲಾರೆನ್ಸಿನಿಂದ ಒಂದು ದಿನಕ್ಕೆ ಯಾವ ಊರು? ನಾನು ಆರಿಸುವ ಬಗೆ

ಇಟಲಿಯ ಫ್ಲಾರೆನ್ಸಿನಲ್ಲಿ ನಾಲ್ಕೈದು ದಿನ ಇರುವವರು ಸುತ್ತಲಿನ ಸಣ್ಣ ಊರುಗಳನ್ನು ಹೆಚ್ಚಾಗಿ ಫೋಟೊ ನೋಡಿ ಆರಿಸುತ್ತಾರೆ. ನಾನು ಮೊದಲು ನೋಡುವುದು ಬೇರೆಯದನ್ನು: ರೈಲೋ ಬಸ್ಸೋ ಇಳಿಸಿದ ಜಾಗದಿಂದ ಹಳೇ ಊರಿನ ಹೆಬ್ಬಾಗಿಲಿಗೆ ಎಷ್ಟು ದೂರ, ಎಷ್ಟು ಏರು? ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಹಳೇ ಊರುಗಳಲ್ಲಿ ಹೆಚ್ಚಿನವು ಗುಡ್ಡದ ನೆತ್ತಿಯ ಮೇಲಿವೆ, ರೈಲು ಹಳಿ ಕಣಿವೆ ಹಿಡಿದು ಹೋಗುತ್ತದೆ. ದಿನದ ಲೆಕ್ಕ ತಪ್ಪುವುದು ಈ ಎರಡರ ನಡುವೆಯೇ.

ಸ್ಟೇಷನ್ನಿನ ಹೆಸರು ನಂಬಿ ಮೋಸ ಹೋಗಬೇಡಿ. 'ಪೊಜ್ಜಿಬೊನ್ಸಿ–ಸಾನ್ ಜಿಮಿನ್ಯಾನೊ' ಎಂಬ ಬೋರ್ಡು ಕಂಡು ಇಳಿದರೆ ನೀವು ಇರುವುದು ಪೊಜ್ಜಿಬೊನ್ಸಿಯಲ್ಲಿ. ಗೋಪುರಗಳ ಊರಾದ ಸಾನ್ ಜಿಮಿನ್ಯಾನೊಗೆ ಅಲ್ಲಿಂದ ಮತ್ತೆ ಬಸ್ಸು, ಇಪ್ಪತ್ತು–ಇಪ್ಪತ್ತೈದು ನಿಮಿಷ. 'ಕಮೂಚಾ–ಕೊರ್ತೋನಾ' ಕೂಡ ಹೀಗೆಯೇ, ಕಮೂಚಾ ಕೆಳಗೆ, ಕೊರ್ತೋನಾ ಮೇಲೆ, ನಡುವೆ ಬಸ್ಸು. ಮೊಂತೆಪುಲ್ಚಾನೊ ಹೆಸರಿನ ಸ್ಟೇಷನ್ ಇದೆ, ಆದರೆ ಊರು ಅಲ್ಲಿಂದ ಹಲವು ಕಿಲೋಮೀಟರ್ ದೂರ. ಎರಡು ಹೆಸರು ಜೋಡಿಸಿದ ಸ್ಟೇಷನ್ ಕಂಡರೆ ಮೊದಲು ನಕ್ಷೆ ತೆಗೆದು ಅಳೆಯಿರಿ.

ಈ ಅಳತೆಗೆ ಮೊದಲು ನಿಲ್ಲುವ ಊರು ಲುಕ್ಕಾ. ರೈಲಿನಲ್ಲಿ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಸ್ಟೇಷನ್ನಿನಿಂದ ಕೋಟೆ ಗೋಡೆ ಕೂಗಳತೆ ದೂರ, ಊರೆಲ್ಲ ಸಮತಟ್ಟು. ನಾಲ್ಕು ಕಿಲೋಮೀಟರಿಗೂ ಮೀರಿದ ಗೋಡೆಯ ಮೇಲೆ ಮರಗಳ ನೆರಳಿನಲ್ಲಿ ಇಡೀ ಊರು ಸುತ್ತಬಹುದು, ಬಾಡಿಗೆ ಸೈಕಲ್ಲೂ ಸಿಗುತ್ತದೆ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಬಂದವರು ಬೇರೆ ಯೋಚನೆ ಮಾಡದೆ ಇಲ್ಲಿಗೇ ಹೋಗಲಿ. ಅರೆತ್ಸೊ ಕೂಡ ಸಲೀಸು, ಹದಿನೈದು ನಿಮಿಷದ ಹದವಾದ ಏರು ಅಷ್ಟೆ. ಸಾನ್ ಫ್ರಾಂಚೆಸ್ಕೊ ಚರ್ಚಿನಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಭಿತ್ತಿಚಿತ್ರಗಳನ್ನು ಹತ್ತಿರದಿಂದ ನೋಡಲು ಒಮ್ಮೆಗೆ ಕೆಲವರನ್ನೇ ಬಿಡುತ್ತಾರೆ, ಆದ್ದರಿಂದ ಸಮಯ ಮೊದಲೇ ಕಾಯ್ದಿರಿಸಿ. ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ಶನಿವಾರ ಅಲ್ಲಿ ಹಳೇ ಸಾಮಾನುಗಳ ಸಂತೆ, 1968ರಿಂದ ನಡೆದುಬಂದಿದೆ.

ಸಿಯೆನಾಕ್ಕೆ ಮಾತ್ರ ನಾನು ರೈಲು ಬಿಟ್ಟು ಬಸ್ಸು ಹಿಡಿಯುತ್ತೇನೆ. ರೈಲು ಸುಮಾರು ಒಂದೂವರೆ ಗಂಟೆ, ಕೆಲವೊಮ್ಮೆ ಎಂಪೊಲಿಯಲ್ಲಿ ಬದಲಿಸಬೇಕು, ಇಳಿದ ಮೇಲೆ ಒಂದರ ಮೇಲೊಂದು ಎಸ್ಕಲೇಟರ್ ಹತ್ತಬೇಕು. ಬಸ್ಸಾದರೆ ಹಳೇ ಊರಿನ ಅಂಚಿಗೇ ಬಿಡುತ್ತದೆ. ಆದರೆ 'ರಾಪಿದಾ' ಎಂದಿರುವ ಬಸ್ಸನ್ನೇ ಹತ್ತಿ: ಅದು ಸುಮಾರು ಒಂದೂಕಾಲು ಗಂಟೆ, ಹಳ್ಳಿಹಳ್ಳಿಗೂ ನಿಲ್ಲುವ ಬಸ್ಸು ತುಂಬ ನಿಧಾನ. ಜುಲೈ 2, ಆಗಸ್ಟ್ 16 ಪಾಲಿಯೊ ಕುದುರೆ ಓಟದ ದಿನಗಳು. ಓಟವನ್ನೇ ನೋಡಬೇಕೆಂದಿಲ್ಲದಿದ್ದರೆ ಆ ದಿನಗಳಲ್ಲಿ ಅತ್ತ ಹೋಗಬೇಡಿ.

ಇನ್ನು ಎಲ್ಲರೂ ಕೇಳುವ ಸಾನ್ ಜಿಮಿನ್ಯಾನೊ. ಊರು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೈಲಿಳಿದು ಬಸ್ಸಿಗೆ ಕಾಯುವ ಹೊತ್ತು ಸೇರಿಸಿದರೆ ಹೋಗಲು ಎರಡು ಗಂಟೆ ಹಿಡಿಯಬಹುದು. ವಾರದ ದಿನವಾದರೆ, ಬೆಳಿಗ್ಗೆ ಎಂಟರೊಳಗೆ ಹೊರಡುವುದಾದರೆ ಹೋಗಿ. ಭಾನುವಾರ ಬಸ್ಸು ಕಡಿಮೆ. ಆಗ ನಾನು ಅದೇ ಹಳಿಯ ಮೇಲಿರುವ ಚೆರ್ತಾಲ್ದೊ ಎನ್ನುತ್ತೇನೆ. ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟೇಷನ್ ಹತ್ತಿರದ ಚೌಕದಿಂದ ಮೇಲಿನ ಊರಿಗೆ ಹಗ್ಗದ ರೈಲು ಎಳೆದುಕೊಂಡು ಹೋಗುತ್ತದೆ. ಕೆಂಪು ಇಟ್ಟಿಗೆಯ ಪುಟ್ಟ ಊರು, 'ಡೆಕಾಮೆರಾನ್' ಬರೆದ ಬೊಕ್ಕಾಚೊ 1375ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಗುಡ್ಡದ ಮೇಲಿನ ಇನ್ನೊಂದು ಊರು ವೊಲ್ತೆರ್ರಾಗೆ ಕಾರಿಲ್ಲದೆ ಒಂದೇ ದಿನದಲ್ಲಿ ಹೋಗಿಬರುವುದು ಬೇಡ.

ಊರು ಗೊತ್ತಾದ ಮೇಲೆ ನಾನು ವೇಳಾಪಟ್ಟಿಯನ್ನು ಹಿಂದಿನಿಂದ ಓದುತ್ತೇನೆ. ಗುಡ್ಡದಿಂದ ಇಳಿಯುವ ಕೊನೆಯ ಬಸ್ಸು ಯಾವುದು? ಅದಕ್ಕಿಂತ ಮುಂಚಿನದೇ ನನ್ನ ಬಸ್ಸು, ಕೊನೆಯದು ಆಪತ್ಕಾಲಕ್ಕೆ. ಈ ಪಟ್ಟಿಯಲ್ಲಿ ನಮ್ಮವರನ್ನು ಎಡವಿಸುವ ಪದ 'ಫೆರಿಯಾಲೆ'. ಕೇಳಿದರೆ ರಜೆ ಎಂದು ಅನಿಸುತ್ತದೆ, ಅರ್ಥ ತದ್ವಿರುದ್ಧ: ಕೆಲಸದ ದಿನ, ಸಾಮಾನ್ಯವಾಗಿ ಶನಿವಾರವೂ ಸೇರಿ. ರಜಾದಿನಕ್ಕೆ 'ಫೆಸ್ತಿವೊ' ಎನ್ನುತ್ತಾರೆ. ಎಷ್ಟೋ ಕಡೆ ಪದದ ಬದಲು ಚಿಹ್ನೆ ಇರುತ್ತದೆ: ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಎಂದರೆ ಕೆಲಸದ ದಿನ, ಶಿಲುಬೆ ಎಂದರೆ ಭಾನುವಾರ ಮತ್ತು ಹಬ್ಬ. 'ಸ್ಕೊಲಾಸ್ತಿಕೊ' ಎಂದು ಗುರುತಿದ್ದರೆ ಅದು ಶಾಲೆ ಇರುವ ದಿನದ ಬಸ್ಸು. ಜುಲೈನಲ್ಲಿ ಅದನ್ನು ನೆಚ್ಚಿ ನಿಂತರೆ ನಿಂತೇ ಇರಬೇಕು. ಏಪ್ರಿಲ್ 25, ಮೇ 1, ಜೂನ್ 2, ಆಗಸ್ಟ್ 15 ಯಾವ ವಾರ ಬಂದರೂ ಫೆಸ್ತಿವೊ. ಸ್ಟೇಷನ್ನಿನ ಗೋಡೆಯ ಹಳದಿ ಹಾಳೆ ಹೊರಡುವ ರೈಲುಗಳದು, ಬಿಳಿಯದು ಬರುವವುಗಳದು.

ಫ್ಲಾರೆನ್ಸಿನ ಮುಖ್ಯ ಸ್ಟೇಷನ್ ಸಾಂತಾ ಮರಿಯಾ ನೊವೆಲ್ಲಾದ ಬೋರ್ಡಿನಲ್ಲಿ ಇರುವುದು ರೈಲಿನ ಕೊನೆಯ ಊರಿನ ಹೆಸರು. ಲುಕ್ಕಾಗೆ ಹೆಚ್ಚಾಗಿ ವಿಯರೆಜ್ಜೊ ಎಂದು, ಚೆರ್ತಾಲ್ದೊಗೂ ಪೊಜ್ಜಿಬೊನ್ಸಿಗೂ ಸಿಯೆನಾ ಎಂದು ಹುಡುಕಬೇಕು. ರೈಲಿನ ನಂಬರು ಬರೆದಿಟ್ಟುಕೊಂಡರೆ ಗೊಂದಲವೇ ಇಲ್ಲ. ಪ್ಲಾಟ್‌ಫಾರಂ '1-ಎ', '2-ಎ' ಎಂದು ಬಂದರೆ ತುಂಬ ದೂರ ನಡೆಯಬೇಕು, ಹತ್ತು ನಿಮಿಷ ಕೈಯಲ್ಲಿರಲಿ.

ಈ ಪ್ರಾದೇಶಿಕ ರೈಲುಗಳ ದರ ದೂರದ ಮೇಲೆ ನಿಗದಿ. ಮುಂಚೆ ಕೊಂಡರೆ ಅಗ್ಗವಿಲ್ಲ, ಹೊರಡುವ ದಿನವೇ ಕೊಳ್ಳಿ. ಆದರೆ ಕಾಗದದ ಟಿಕೆಟನ್ನು ಹತ್ತುವ ಮುನ್ನ ಯಂತ್ರಕ್ಕೆ ತೂರಿಸಿ ತಾರೀಖು, ಗಂಟೆ ಅಚ್ಚು ಹಾಕಿಸಲೇಬೇಕು. ಅಚ್ಚು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ, ಶಾಯಿ ಒಣಗಿದ ಯಂತ್ರಗಳಿರುತ್ತವೆ. ಅಚ್ಚಿಲ್ಲದ ಟಿಕೆಟಿಗೆ ದಂಡ ಬೀಳುತ್ತದೆ. ಬಸ್ ಟಿಕೆಟ್ ಬೇಕಾದರೆ ದೊಡ್ಡ 'ಟಿ' ಬೋರ್ಡಿನ ತಂಬಾಕು ಅಂಗಡಿ ಹುಡುಕಿ, ವಾಪಸಿನದೂ ಅಲ್ಲೇ ಕೊಂಡುಬಿಡಿ. ಮಧ್ಯಾಹ್ನ ಆ ಅಂಗಡಿ ಮುಚ್ಚಿರಬಹುದು. ಮುಷ್ಕರಕ್ಕೆ 'ಶೋಪೆರೊ' ಎನ್ನುತ್ತಾರೆ, ಮುಂಚೆಯೇ ಪ್ರಕಟವಾಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು, ಅಂಥ ದಿನ ಬಸ್ಸು ನೆಚ್ಚದೆ ಲುಕ್ಕಾದಂಥ ಊರು ಸಾಕು.

ಸಣ್ಣ ಊರುಗಳ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುವುದುಂಟು, ನೋಡಬೇಕಾದ್ದನ್ನು ಹನ್ನೆರಡರೊಳಗೆ ನೋಡಿ. ಹೋಟೆಲ್ ಅಡುಗೆಮನೆ ಎರಡೂವರೆಗೆ ಮುಚ್ಚುತ್ತದೆ, ಒಂದು ಗಂಟೆಗೇ ಕೂತುಬಿಡಿ. ಸಸ್ಯಾಹಾರಿಗಳು ರಿಬೊಲ್ಲಿತಾ ಎಂಬ ಬ್ರೆಡ್ಡು-ಬೀನ್ಸ್ ಕಾಳು-ಸೊಪ್ಪಿನ ಗಟ್ಟಿ ಸಾರು, ಟೊಮೆಟೊ-ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೊರೊ ಕೇಳಬಹುದು. 'ಬ್ರೋದೊ ದಿ ಕಾರ್ನೆ' ಹಾಕಿದ್ದೀರಾ ಎಂದು ವಿಚಾರಿಸಿ, ಸಾರಿಗೆ ಮಾಂಸ ಬೇಯಿಸಿದ ನೀರು ಹಾಕುವವರಿದ್ದಾರೆ.