ಟ್ಯೂಬ್ ಬದಲಿಸುವ ಮುಂಚೆ ತಂತಿ ಹುಡುಕಿ

ಬೆಂಗಳೂರಿನ ಸುತ್ತಮುತ್ತ ಹೆದ್ದಾರಿಯಲ್ಲಿ ರೋಡ್ ಬೈಕ್ (ತೆಳು ಟೈರಿನ, ವೇಗದ ಸೈಕಲ್) ಓಡಿಸುವವರ ಟ್ಯೂಬಿಗೆ ಮೊಳೆ ಚುಚ್ಚುವುದು ಅಪರೂಪ. ಚುಚ್ಚುವುದು ಲಾರಿ ಟೈರಿನ ತಂತಿ. ಲಾರಿ, ಬಸ್ಸುಗಳ ರೇಡಿಯಲ್ ಟೈರಿನ ಒಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ಟೈರು ಸಿಡಿದು ಚಿಂದಿಯಾದಾಗ ಆ ಎಳೆಗಳು ರಸ್ತೆ ಮೇಲೆ ಉದುರಿ, ಓಡಾಡುವ ವಾಹನಗಳ ಗಾಳಿಗೆ ಎಡ ಅಂಚಿಗೆ ಬಂದು ಸೇರುತ್ತವೆ. ಒಂದೊಂದು ಎಳೆ ಸುಮಾರು ಕಾಲು ಮಿಲಿಮೀಟರ್ ದಪ್ಪ, ನಾಲ್ಕೈದು ಮಿಲಿಮೀಟರ್ ಉದ್ದ ಇದ್ದರೂ ಸಾಕು, ಕೆಲಸ ಕೆಡಿಸುತ್ತದೆ. ಟೈರಿನ ರಬ್ಬರಿನೊಳಗೆ ಪೂರ್ತಿ ಮುಳುಗಿ ಕೂರುವುದರಿಂದ ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಚಕ್ರದ ಮೇಲೆ ಭಾರ ಬಿದ್ದಾಗ ಮಾತ್ರ ತುದಿ ಒಳಗೆ ಇಣುಕಿ ಟ್ಯೂಬನ್ನು ಚುಚ್ಚುತ್ತದೆ. ಹಾಗಾಗಿ ಗಾಳಿ ಭುಸ್ ಅಂತ ಹೋಗುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಹೊಸ ಟ್ಯೂಬ್ ಹಾಕಿ ಹೊರಟರೆ ಐದಾರು ಕಿಲೋಮೀಟರಿಗೆ ಮತ್ತೆ ಅದೇ ಗತಿ.

ಆದ್ದರಿಂದ ನನ್ನ ಕ್ರಮದಲ್ಲಿ ಕಾರಣ ಕೈಗೆ ಸಿಗುವವರೆಗೆ ಹೊಸ ಟ್ಯೂಬ್ ಪೊಟ್ಟಣದಿಂದ ಆಚೆ ಬರುವುದಿಲ್ಲ. ಇದಕ್ಕೆ ತಯಾರಿ ಮನೆಯಲ್ಲೇ ಆಗಬೇಕು. ಟೈರು ಹಾಕುವಾಗ ಅದರ ಮೇಲಿರುವ ಕಂಪನಿ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಪಂಕ್ಚರ್ ಆದಾಗ ಟ್ಯೂಬನ್ನು ತಿರುಚದೆ ಹೊರತೆಗೆದು, ವಾಲ್ವನ್ನು ಹೆಸರಿಗೆ ಹೊಂದಿಸಿ ಚಕ್ರದ ಪಕ್ಕ ಹಿಡಿದರೆ, ಟ್ಯೂಬಿನ ತೂತು ಎಲ್ಲಿದೆಯೋ ಟೈರಿನಲ್ಲಿ ಅಲ್ಲೇ ಹುಡುಕಿದರಾಯಿತು. ಟ್ಯೂಬ್ ಯಾವ ಮಗ್ಗುಲಿಗಿತ್ತು ಎನ್ನುವುದು ಮರೆತುಹೋದರೆ ವಾಲ್ವಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಎರಡೇ ಜಾಗ. ಸುಮಾರು ಎರಡು ಮೀಟರ್ ಸುತ್ತಳತೆಯ ಟೈರನ್ನು ಇಡೀ ತಡಕುವ ಕಷ್ಟ ತಪ್ಪುತ್ತದೆ.

ತೂತು ಹುಡುಕಲು ಟ್ಯೂಬಿಗೆ ಅದರ ಸಹಜ ದಪ್ಪದ ಎರಡರಷ್ಟು ಗಾಳಿ ಹೊಡೆದು ತುಟಿಯ ಹತ್ತಿರ ಹಿಡಿದು ಸುತ್ತಿಸುತ್ತೇನೆ. ಲಾರಿ ಸದ್ದಿನಲ್ಲಿ ಕಿವಿಗೆ ಕೇಳದಿದ್ದರೂ ಒದ್ದೆ ತುಟಿಗೆ ಗಾಳಿ ತಾಗುವುದು ಗೊತ್ತಾಗುತ್ತದೆ. ತೂತಿನ ಆಕಾರ ಮುಕ್ಕಾಲು ಕಥೆ ಹೇಳುತ್ತದೆ. ರಸ್ತೆ ಕಡೆಯ ಮೈಯಲ್ಲಿ ಸೂಜಿಮೊನೆಯಷ್ಟು ಒಂದೇ ತೂತಿದ್ದರೆ ತಂತಿ ಅಥವಾ ಮುಳ್ಳು. ಅಕ್ಕಪಕ್ಕ ಎರಡು ಸೀಳಿದ್ದರೆ ಗುಂಡಿಗೋ ಹಂಪಿಗೋ ಬಡಿದು ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿಹಾಕಿಕೊಂಡಿದೆ. ಸೈಕಲ್‌ನವರು ಸ್ನೇಕ್ ಬೈಟ್ ಅನ್ನುವುದು ಇದನ್ನೇ. ಆಗ ಟೈರಿನಲ್ಲಿ ಏನೂ ಸಿಗುವುದಿಲ್ಲ, ಹುಡುಕಿ ಹೊತ್ತು ಕಳೆಯಬೇಡಿ. ರಿಮ್ಮಿನ ಕಡೆಯ ಮೈಯಲ್ಲಿ ತೂತಿದ್ದರೆ ರಿಮ್ಮಿನ ಕಡ್ಡಿಗಳ ತೂತು ಮುಚ್ಚುವ ರಿಮ್ ಟೇಪ್ ಸರಿದು ಒಂದು ತೂತು ತೆರೆದುಕೊಂಡಿದೆ ಎಂದರ್ಥ. ಟೇಪನ್ನು ನಡುವಿಗೆ ಸರಿಸದೆ ಎಷ್ಟು ಟ್ಯೂಬ್ ಹಾಕಿದರೂ ವ್ಯರ್ಥ. ವಾಲ್ವಿನ ಬುಡದಲ್ಲಿ ಕಿತ್ತಿದ್ದರೆ ಪಂಪ್ ಅನ್ನು ಅಲ್ಲಾಡಿಸುತ್ತಾ ಗಾಳಿ ಹೊಡೆದದ್ದು ಅಥವಾ ವಾಲ್ವಿನ ನಟ್ಟನ್ನು ಅತಿಯಾಗಿ ಬಿಗಿದದ್ದು ಕಾರಣ. ಢಂ ಎಂದು ಸಿಡಿದು ಗೇಣುದ್ದ ಸೀಳಿದ್ದರೆ ಟೈರಿನ ಅಂಚಿನ ಕೆಳಗೆ ಟ್ಯೂಬ್ ಸಿಕ್ಕಿಕೊಂಡಿತ್ತು, ಅಷ್ಟೆ.

ತಂತಿ ಎಂದು ಗೊತ್ತಾದ ಮೇಲೆ ಬರೀ ಬೆರಳಿನಿಂದ ಸವರುವುದು ಬೇಡ. ಗಾಜಿನ ಚೂರಿದ್ದರೆ ಬೆರಳು ಕೊಯ್ದುಕೊಳ್ಳುತ್ತದೆ. ಹತ್ತಿಯ ತುಣುಕು ಅಥವಾ ಕರ್ಚೀಫಿನ ಅಂಚನ್ನು ಟೈರಿನ ಒಳಮೈಯಲ್ಲಿ ಎಳೆಯಿರಿ, ಎರಡೂ ದಿಕ್ಕಿಗೆ. ತಂತಿ ಓರೆಯಾಗಿ ಹೊಕ್ಕಿರುವುದರಿಂದ ಒಂದು ದಿಕ್ಕಿನಲ್ಲಿ ಜಾರಿ ಇನ್ನೊಂದು ದಿಕ್ಕಿನಲ್ಲಿ ನೂಲು ಸಿಕ್ಕಿಸಿಕೊಳ್ಳುತ್ತದೆ. ಸಿಕ್ಕಿದ ಕಡೆ ಟೈರನ್ನು ಒಳಹೊರಗಾಗಿ ಮಡಚಿ, ಮೊಬೈಲ್ ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಟ್ಟರೆ ಬೆಳ್ಳಿಯ ಚುಕ್ಕೆಯೊಂದು ಮಿನುಗುತ್ತದೆ. ಉಗುರಿನಿಂದ ಅದು ಬರುವುದಿಲ್ಲ. ಚಿಮಟ ಬೇಕೇ ಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಚೂಪು ತುದಿಯ ಸ್ಟೀಲ್ ಚಿಮಟ ನನ್ನ ಸ್ಯಾಡಲ್ ಬ್ಯಾಗಿನಲ್ಲಿ ಕಾಯಂ. ಇಡೀ ಕಿಟ್ಟಿನಲ್ಲಿ ಅತಿ ಅಗ್ಗದ ಸಾಮಾನು ಇದು, ಹೆಚ್ಚಿನವರ ಬಳಿ ಇಲ್ಲದ್ದೂ ಇದೇ. ತೆಗೆದ ಮೇಲೆ ಇನ್ನೊಮ್ಮೆ ಸುತ್ತ ಸವರಿ ನೋಡಿ. ಒಂದೇ ಜಾಗದಲ್ಲಿ ಎರಡು ಎಳೆ ಇರುವುದುಂಟು.

ಚಕ್ರ ಬಿಚ್ಚುವ ಕೆಲಸದಲ್ಲಿ ಎರಡೇ ಮಾತು. ಹಿಂದಿನ ಚಕ್ರವಾದರೆ ಚೈನನ್ನು ಮೊದಲು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಆಚೆ ಇರುವಾಗ ಬ್ರೇಕ್ ಲಿವರ್ ಒತ್ತಬೇಡಿ, ಪ್ಯಾಡುಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ.

ಟೈರು ಮತ್ತೆ ಕೂರಿಸುವಾಗ ಬಹಳ ಮಂದಿ ವಾಲ್ವಿನಿಂದ ಶುರು ಮಾಡಿ ಎದುರುಗಡೆ ಮುಗಿಸುತ್ತಾರೆ, ಕೊನೆಯ ಅರ್ಧ ಅಡಿ ಕೂರದೆ ಟೈರ್ ಲಿವರ್ ಹಾಕಿ ಮೀಟುತ್ತಾರೆ, ಹೊಸ ಟ್ಯೂಬಿಗೆ ಅಲ್ಲೇ ತೂತು. ವಾಲ್ವಿನ ಎದುರುಗಡೆಯಿಂದ ಶುರು ಮಾಡಿ ವಾಲ್ವಿನಲ್ಲಿ ಮುಗಿಸಿ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಟೈರಿನ ಅಂಚು ಆ ತಗ್ಗಿಗೆ ಇಳಿದಷ್ಟೂ ಈ ಕಡೆ ಸಡಿಲ ಸಿಗುತ್ತದೆ. ವಾಲ್ವ್ ಇರುವ ಕಡೆ ಮಾತ್ರ ಅಂಚು ತಗ್ಗಿಗೆ ಇಳಿಯಲಾರದು, ಆದ್ದರಿಂದ ಆ ಜಾಗ ಕೊನೆಗಿರಲಿ. ಎರಡೂ ಅಂಗೈಯಿಂದ ಟೈರನ್ನು ಒತ್ತಿ ಎಳೆಯುತ್ತಾ ಬಂದರೆ ಹೆಚ್ಚಿನ 28 ಎಂಎಂ ಅಗಲದ ಟೈರುಗಳು ಲಿವರ್ ಇಲ್ಲದೆಯೇ ಕೂರುತ್ತವೆ. ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ದೂಡಿ ಹೊರಕ್ಕೆ ಎಳೆಯಿರಿ. ಆಮೇಲೆ ಟೈರನ್ನು ಪಕ್ಕಕ್ಕೆ ಮಡಚುತ್ತಾ ಎರಡೂ ಕಡೆ ಇಣುಕಿ ನೋಡಿ, ಟ್ಯೂಬಿನ ಕಪ್ಪು ಎಲ್ಲೂ ಕಾಣಬಾರದು. 20 ಪಿಎಸ್‌ಐವರೆಗೆ ಗಾಳಿ ಹೊಡೆದು ನಿಲ್ಲಿಸಿ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ). ಟೈರಿನ ಅಂಚಿನ ಮೇಲಿರುವ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡಿಕೊಂಡು ಉಳಿದ ಗಾಳಿ ಹೊಡೆಯಿರಿ.

ರೋಡ್ ಬೈಕಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿನ ಒಂದು ಕಿರಿಕಿರಿ ಹೇಳಲೇಬೇಕು. ತಿರುಪಿ ಹಾಕುವ ಪೈಪಿನ ಮಿನಿ ಪಂಪುಗಳು ಬಿಚ್ಚುವಾಗ ವಾಲ್ವಿನ ಒಳಗಿನ ಕೋರನ್ನೂ ಜೊತೆಗೇ ತಿರುಪಿಕೊಂಡು ಬರುತ್ತವೆ. ನೂರೈವತ್ತಕ್ಕೂ ಹೆಚ್ಚು ಸಲ ಒತ್ತಿ ತುಂಬಿದ ಗಾಳಿ ಒಂದೇ ಕ್ಷಣಕ್ಕೆ ಹೋಗುತ್ತದೆ. ಹೊಸ ಟ್ಯೂಬ್ ತಂದ ದಿನವೇ ಮನೆಯಲ್ಲಿ ಸಣ್ಣ ಇಕ್ಕಳದಿಂದ ಕೋರನ್ನು ಹಗುರವಾಗಿ ಬಿಗಿ ಮಾಡಿಟ್ಟರೆ ಮುಗಿಯಿತು. ಊರಿನ ಪಂಕ್ಚರ್ ಶಾಪಿನ ಕಂಪ್ರೆಸರ್ ಬಳಸಲು ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ಹಾಕಿಟ್ಟುಕೊಳ್ಳಬಹುದು. ಆದರೆ ರೋಡ್ ಬೈಕಿನ ಟ್ಯೂಬಿನಲ್ಲಿ ಜಾಗ ಬಹಳ ಕಡಿಮೆ, ಕಂಪ್ರೆಸರ್ ಒಂದೆರಡು ಸೆಕೆಂಡಿನಲ್ಲಿ ಮಿತಿ ದಾಟಿಸುತ್ತದೆ. ಹಿಡಿಕೆ ನಿಮ್ಮ ಕೈಯಲ್ಲೇ ಇರಲಿ, ಬಿಟ್ಟುಬಿಟ್ಟು ಒತ್ತಿ. ಪಂಪಿನ ಬದಲು 16 ಗ್ರಾಂ ಸಿಒಟು (ಇಂಗಾಲದ ಡೈಆಕ್ಸೈಡ್) ತುಂಬಿದ ಪುಟ್ಟ ಕಾರ್ಟ್ರಿಜ್ ಬಳಸಿದರೆ ಮನೆಗೆ ಬಂದ ಮೇಲೆ ಗಾಳಿ ಬಿಟ್ಟು ಪಂಪಿನಿಂದ ಮತ್ತೆ ತುಂಬಿ. ಟ್ಯೂಬಿನ ಬ್ಯುಟೈಲ್ ರಬ್ಬರಿನ ಮೂಲಕ ಆ ಅನಿಲ ಬೇಗ ಸೋರುತ್ತದೆ. ಮಾರನೇ ಬೆಳಿಗ್ಗೆ ಮೆತ್ತಗಾದ ಟೈರು ನೋಡಿ ಮತ್ತೆ ಪಂಕ್ಚರ್ ಎಂದು ಹುಡುಕುವುದು ಸುಮ್ಮನೆ ದಂಡ.

ಇನ್ನು ಗಾಳಿಯ ಲೆಕ್ಕ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿ ನಿಮ್ಮ ಗುರಿಯಲ್ಲ. ನಮ್ಮ ರಸ್ತೆಗೆ 70 ಕಿಲೋ ತೂಕದ ಸವಾರನಿಗೆ 25 ಎಂಎಂ ಟೈರಿನಲ್ಲಿ ಮುಂದೆ 80, ಹಿಂದೆ 85; 28ರಲ್ಲಿ ಮುಂದೆ 66, ಹಿಂದೆ 72; 32ರಲ್ಲಿ 52 ಮತ್ತು 56 ಪಿಎಸ್‌ಐ ಇಟ್ಟು ಶುರು ಮಾಡಿ. ಹಿಂದಿನ ಚಕ್ರಕ್ಕೆ ಹೆಚ್ಚು ಭಾರ, ಅದಕ್ಕೇ ಹೆಚ್ಚು ಗಾಳಿ. ತೂಕ ಐದು ಕಿಲೋ ಹೆಚ್ಚಾದರೆ ಎರಡು ಮೂರು ಪಿಎಸ್‌ಐ ಏರಿಸಿ. ಬಣ್ಣ ಬಳಿಯದ ಹಂಪಿನ ಮೇಲೆ ಎರಡು ಸಲ ಸ್ನೇಕ್ ಬೈಟ್ ಆದರೆ ಗಾಳಿ ಕಮ್ಮಿ. ಕೈ ಜೋಮು ಹಿಡಿದರೆ ಜಾಸ್ತಿ. ಹುಕ್‌ಲೆಸ್ ರಿಮ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಂಥ ಏಣು ಇಲ್ಲದ್ದು) ಆದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು, ಟೈರು ರಿಮ್ಮಿನಿಂದ ಹಾರಿಹೋಗುವ ಅಪಾಯವಿದೆ. ನಸುಕಿನ ಐದು ಗಂಟೆಯ ಚಳಿಯಲ್ಲಿ 70 ಇದ್ದದ್ದು ಟೈರು 20 ಡಿಗ್ರಿ ಬಿಸಿಯಾದರೆ ಐದಾರು ಪಿಎಸ್‌ಐ ಏರುತ್ತದೆ, ಬೇಸಿಗೆಯಲ್ಲಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ. 60ಕ್ಕೂ 90ಕ್ಕೂ ಹೆಬ್ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪಂಕ್ಚರ್ ಕಡಿಮೆಯಾಗಬೇಕಾದರೆ ಟೈರಿಗಿಂತ ಮೊದಲು ರಸ್ತೆಯಲ್ಲಿ ಓಡಿಸುವ ಸಾಲು ಬದಲಿಸಿ. ಬಿಳಿ ಗೆರೆಯ ಆಚೆಗಿನ ಅಂಚು ನೋಡಲು ಸುರಕ್ಷಿತ, ಆದರೆ ತಂತಿ, ಬಾಟಲಿ ಚೂರು, ಜಲ್ಲಿ ಎಲ್ಲ ಬಂದು ಬೀಳುವುದು ಅಲ್ಲೇ. ವಾಹನಗಳ ಎಡಗಾಲಿ ಓಡುವ ಪಟ್ಟೆ ತಾನಾಗಿ ಗುಡಿಸಿದಂತಿರುತ್ತದೆ. ಹಿಂದೆ ಬರುವವರನ್ನು ನೋಡಿಕೊಂಡು, ದಟ್ಟಣೆ ಕಡಿಮೆ ಇರುವ ಹೊತ್ತಿನಲ್ಲಿ ಅಲ್ಲಿ ಓಡಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಂತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಊರೂರಿನ ಹಂಪು, ಎದುರಿನಿಂದ ಬರುವ ಬೈಕು, ಚರಂಡಿ ಮುಚ್ಚಳದ ಸಂದು ಎಲ್ಲವೂ ಇದೆ. ಆ ದಾರಿಗೆ 25 ಬೇಡ, 28 ಅಥವಾ ಫ್ರೇಮು ಒಪ್ಪಿದರೆ 32 ಹಾಕಿ.

ಕಾಲಕ್ಕೆ ತಕ್ಕ ಉಪಟಳವೂ ಬೇರೆ. ಮಳೆಗಾಲದಲ್ಲಿ ನೀರು ಕಸವನ್ನೆಲ್ಲ ಅಂಚಿಗೆ ತರುತ್ತದೆ, ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಹುರುಳಿ ಬಳ್ಳಿ ಗೇರ್ ಬದಲಿಸುವ ಹಿಂದಿನ ಡಿರೇಲರಿಗೆ ಸುತ್ತಿಕೊಂಡರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುವುದು ಖಂಡಿತ. ಇಳಿದು ತಳ್ಳಿಕೊಂಡು ಹೋಗಿ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಅದಕ್ಕಿಂತ ಕೆಟ್ಟದ್ದು ನೆಗ್ಗಿಲು. ರಸ್ತೆ ಪಕ್ಕ ಮಣ್ಣಿಗೆ ಇಳಿಸಿ ಸೈಕಲ್ ನಿಲ್ಲಿಸಿದರೆ ಎರಡೂ ಟೈರಿಗೆ ಒಟ್ಟಿಗೇ ಹತ್ತುತ್ತದೆ. ಟೀ ಅಂಗಡಿಯ ಮುಂದೆ ಸೈಕಲ್ಲನ್ನು ಎತ್ತಿಕೊಂಡು ಹೋಗಿ ಗೋಡೆಗೆ ಒರಗಿಸುವವರನ್ನು ಕಂಡು ನಗಬೇಡಿ.

ಕಿಟ್ಟಿನಲ್ಲಿ ನಾನು ಇಡುವುದು: ಟ್ಯೂಬ್ ಎರಡು, 300 ಕಿಲೋಮೀಟರ್ ಬ್ರೆವೆಗಳಿಗೆ (ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸವಾರಿ) ಮೂರು, ಪ್ಲಾಸ್ಟಿಕ್ ಲಿವರ್ ಎರಡು, ಪಂಪು, ಚಿಮಟ, ಪ್ಯಾಚ್ ಡಬ್ಬಿ, ಖಾಲಿ ಟೂತ್‌ಪೇಸ್ಟ್ ಟ್ಯೂಬಿನಿಂದ ಕತ್ತರಿಸಿ ತೊಳೆದ, ಅಂಚು ದುಂಡಗೆ ಮಾಡಿದ ಮೂರು ಸೆಂಟಿಮೀಟರಿನ ತುಂಡು. ಟೈರೇ ಸೀಳಿದಾಗ ಒಳಗಡೆಯಿಂದ ಇಡಲು ಈ ತುಂಡು. ಹಾಲಿನ ಪ್ಯಾಕೆಟ್ ಮಡಚಿ ಇಟ್ಟರೆ ಹಿಗ್ಗಿ ಟ್ಯೂಬ್ ಸೀಳಿನಿಂದ ಹೊರಗೆ ಉಬ್ಬುತ್ತದೆ, ಪೇಸ್ಟ್ ಟ್ಯೂಬು ಹಿಗ್ಗುವುದಿಲ್ಲ. ಹೀಗೆ ತೇಪೆ ಹಾಕಿದ ಟೈರಿಗೆ ಗಾಳಿ ಹತ್ತು ಪಿಎಸ್‌ಐ ಕಡಿಮೆ ಇಟ್ಟು ನಿಧಾನ ಮನೆ ಸೇರಿ, ಘಾಟಿ ಇಳಿಯಬೇಡಿ. ಟ್ಯೂಬ್ ಕೊಳ್ಳುವಾಗ ವಾಲ್ವಿನ ಉದ್ದ ರಿಮ್ಮಿನ ಆಳಕ್ಕಿಂತ 20 ಎಂಎಂ ಆದರೂ ಹೆಚ್ಚಿರಲಿ. 50 ಎಂಎಂ ರಿಮ್ಮಿನವರು ಜೊತೆಗಾರರ 48 ಎಂಎಂ ವಾಲ್ವಿನ ಟ್ಯೂಬನ್ನು ನಂಬಿ ಹೊರಡುವಂತಿಲ್ಲ. ರಬ್ಬರಿನ ಬದಲು ತೆಳು ಪ್ಲಾಸ್ಟಿಕ್ಕಿನಿಂದ ಮಾಡಿದ ಟಿಪಿಯು ಟ್ಯೂಬುಗಳು ಹಗುರ, ಬಿಡಿ ಟ್ಯೂಬಾಗಿ ಇಟ್ಟುಕೊಳ್ಳಲು ಚೆನ್ನ. ಆದರೆ ಟೈರಿನ ಹೊರಗೆ ಗಾಳಿ ಹೊಡೆದರೆ ಹಾಳಾಗುತ್ತವೆ, ಮಾಮೂಲಿ ಪಂಕ್ಚರ್ ಸಲ್ಯೂಷನ್ ಅವಕ್ಕೆ ಅಂಟುವುದಿಲ್ಲ.

ಟ್ಯೂಬ್‌ಲೆಸ್‌ಗೆ ಹೋಗಬೇಕೇ ಎಂದು ಕೇಳುವವರಿಗೆ: ತಂತಿಯ ತೂತಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. 28 ಟೈರಿಗೆ 30ರಿಂದ 40 ಮಿಲಿ ಸೀಲೆಂಟ್, ಅಂದರೆ ತೂತನ್ನು ಒಳಗಿಂದ ಮುಚ್ಚುವ ದ್ರವ, ಸಾಕು. ಎರಡು ಮೂರು ತಿಂಗಳಿಗೆ ಒಣಗುತ್ತದೆ, ನೋಡಿ ಮತ್ತೆ ಹಾಕಬೇಕು. ಹಾಕಲು ಮರೆಯುವ ಸ್ವಭಾವದವರು ಟ್ಯೂಬಿನಲ್ಲೇ ಸುಖವಾಗಿರಬಹುದು.

ತೂತಾದ ಟ್ಯೂಬಿಗೆ ಪ್ಯಾಚ್ ಹಾಕುವುದು ಮನೆಯ ಕೆಲಸ. ಉಪ್ಪುಕಾಗದದಿಂದ ಪ್ಯಾಚಿಗಿಂತ ತುಸು ಅಗಲಕ್ಕೆ ಹೊಳಪು ಹೋಗುವವರೆಗೆ ಉಜ್ಜಿ. ಟ್ಯೂಬಿನ ಅಚ್ಚಿನ ಏಣು ಹತ್ತಿರವಿದ್ದರೆ ಅದನ್ನೂ ಮಟ್ಟ ಮಾಡಿ, ಇಲ್ಲದಿದ್ದರೆ ಅದರ ಪಕ್ಕದಿಂದಲೇ ಗಾಳಿ ಸೋರುತ್ತದೆ. ಸಲ್ಯೂಷನ್ ತೆಳ್ಳಗೆ ಸವರಿ ಐದು ನಿಮಿಷ ಬಿಡಿ, ಒದ್ದೆ ಹೊಳಪು ಪೂರ್ತಿ ಹೋಗಬೇಕು. ಪ್ಯಾಚ್ ಏಳುವುದು ಬಹುಪಾಲು ಈ ಐದು ನಿಮಿಷ ಕಾಯದಿದ್ದಾಗಲೇ. ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ, ಮೇಲೆ ಪೌಡರ್ ಉದುರಿಸಿ, ಸ್ವಲ್ಪ ಗಾಳಿ ಹಾಕಿ ರಾತ್ರಿಯಿಡೀ ನೇತುಹಾಕಿ. ವಾಲ್ವಿನ ಬುಡ ಕಿತ್ತ ಟ್ಯೂಬನ್ನು ಮಾತ್ರ ಉಳಿಸಲು ಹೋಗಬೇಡಿ. ತೆರೆದ ಸಲ್ಯೂಷನ್ ಟ್ಯೂಬ್ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಮನೆಗೊಂದು, ಸ್ಯಾಡಲ್ ಬ್ಯಾಗಿಗೆ ಸೀಲ್ ಒಡೆಯದ ಇನ್ನೊಂದು ಇರಲಿ.