ಒಂದು ಕನ್ಸೋಲ್, ಎರಡು ಪರದೆ: ಬಾಗುತ್ತಿದ್ದ ಚಿತ್ರ ನೆಟ್ಟಗಾದದ್ದು

ನನ್ನ ಹತ್ತಿರ ಜಪಾನಿನ ಸೂಪರ್ ಫ್ಯಾಮಿಕಾಮ್ ಇದೆ. 1990ರಲ್ಲಿ ಮಾರುಕಟ್ಟೆಗೆ ಬಂದ ವಿಡಿಯೋ ಗೇಮ್ ಕನ್ಸೋಲ್. ಅದನ್ನು ಹಳೆಯ ಸಿಆರ್‌ಟಿ (ದಪ್ಪ ಗಾಜಿನ ಟ್ಯೂಬಿನ) ಮಾನಿಟರ್‌ನಲ್ಲಿ ಆಡುವುದೇ ನನಗಿಷ್ಟ. ಆದರೆ ರಜೆಗೆ ಅಕ್ಕನ ಮಕ್ಕಳು ಬಂದರೆ ಆ ಪುಟ್ಟ ಪರದೆ ಮುಂದೆ ಐದು ತಲೆ. ಆಡುವವರು ಮಾನಿಟರ್ ನೋಡಲಿ, ಉಳಿದವರು ಗೋಡೆಯ ಟಿವಿ ನೋಡಲಿ ಅಂದುಕೊಂಡೆ.

ಕೆಂಪು, ಹಸಿರು, ನೀಲಿ, ಸಿಂಕ್ (ಹೊಸ ಗೆರೆ ಯಾವಾಗ ಶುರುಮಾಡಬೇಕೆಂದು ಪರದೆಗೆ ಹೇಳುವ ಸಿಗ್ನಲ್) ನಾಲ್ಕೂ ವೈರಿಗೆ, ಒಂದನ್ನು ಎರಡು ಮಾಡುವ ಟಿ-ಕನೆಕ್ಟರ್ ಹಾಕಿದೆ. ಒಂದು ಕವಲು ಮಾನಿಟರ್‌ಗೆ. ಇನ್ನೊಂದು, ಗೆರೆಗಳನ್ನು ದುಪ್ಪಟ್ಟು ಮಾಡಿ ಎಚ್‌ಡಿಎಂಐಗೆ ಬದಲಿಸುವ ಲೈನ್ ಡಬ್ಲರ್ ಮೂಲಕ ಟಿವಿಗೆ. ಚಿತ್ರ ಎರಡರಲ್ಲೂ ಬಂತು, ಆದರೆ ಮಂಕು. ಮಾನಿಟರ್‌ನಲ್ಲಿ ಮೇಲ್ಭಾಗ ಬಾಗುತ್ತಿತ್ತು. ಟಿವಿ ಆಗಾಗ ಕಪ್ಪಾಗುತ್ತಿತ್ತು.

ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ಏನೂ ಆಗಲಿಲ್ಲ. ಸುಳಿವು ಕೊಟ್ಟವನು ಅಕ್ಕನ ಮಗ. "ಮಾವ, ಬಿಳಿ ಬಂದಾಗ ಮಾತ್ರ ಬಾಗುತ್ತೆ ನೋಡು" ಅಂದ. ನಿಜ. ಕತ್ತಲೆಯ ಗುಹೆಯಲ್ಲಿ ಚಿತ್ರ ನೆಟ್ಟಗೆ, ಹಿಮದ ಹಂತದಲ್ಲಿ ಸೊಟ್ಟ.

ನನ್ನ ಕೇಬಲ್ ಸಿಂಕ್ ಅನ್ನು ಲೂಮಾದಿಂದ (ಚಿತ್ರದ ಬೆಳಕಿನ ಸಿಗ್ನಲ್‌ನಿಂದ) ತೆಗೆದುಕೊಳ್ಳುತ್ತದೆ. ಅಂದರೆ ಬೆಳಕಿನ ಮಾಹಿತಿ, ಸಿಂಕ್ ಎರಡೂ ಒಂದೇ ವೈರಲ್ಲಿ. ಪ್ರತಿ ಗೆರೆಗೂ ಮುಂಚೆ ಸಿಗ್ನಲ್ ಕಪ್ಪು ಮಟ್ಟಕ್ಕಿಂತ ಸುಮಾರು 0.3 ವೋಲ್ಟ್ ಕೆಳಗೆ ಇಳಿಯುತ್ತದೆ. ಆ ತಗ್ಗು ಕಂಡಾಗ ಪರದೆ ಹೊಸ ಗೆರೆ ಎಳೆಯುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 15,700 ಸಲ. ತಗ್ಗು ಆಳವಿಲ್ಲದಿದ್ದರೆ, ಬಿಳಿ ಜಾಸ್ತಿಯಾದಾಗ ಪರದೆಗೆ ಅದು ಸರಿಯಾಗಿ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ದೂರದರ್ಶನದ ಚಿತ್ರ ಉರುಳಿದರೆ ಅಪ್ಪ ಟಿವಿ ಹಿಂದೆ ಕೈ ಹಾಕಿ ವಿ-ಹೋಲ್ಡ್ ಗುಂಡಿ ತಿರುಗಿಸುತ್ತಿದ್ದರು. ಇಲ್ಲಿ ತಿರುಗಿಸಲು ಏನೂ ಇಲ್ಲ. ಸಿಗ್ನಲ್ಲೇ ಸರಿಯಾಗಬೇಕು.

ಎಲ್ಲ ಆಫ್ ಮಾಡಿ, ಕನ್ಸೋಲ್ ಕೇಬಲ್ ಕಿತ್ತು, ಆ ಜಾಗದಲ್ಲಿ ಮಲ್ಟಿಮೀಟರ್ ಇಟ್ಟೆ. 38 ಓಮ್. ಇರಬೇಕಾದ್ದು 75! ಮಾನಿಟರ್, ಲೈನ್ ಡಬ್ಲರ್ ಎರಡರ ಒಳಗೂ 75 ಓಮ್ ಟರ್ಮಿನೇಷನ್ (ಸಿಗ್ನಲ್ ದಾರಿಯ ಕೊನೆಗೆ ಹಾಕುವ ರೆಸಿಸ್ಟರ್) ಇದೆ, ಎರಡೂ ಸಮಾನಾಂತರವಾಗಿ ಸೇರಿ ಅರ್ಧಕ್ಕೆ ಇಳಿದಿತ್ತು. ಕಳಿಸುವ ಕಡೆಯೂ 75 ಓಮ್ ಇರುವುದರಿಂದ ಆಗ 1 ವೋಲ್ಟಿನ ಸಿಗ್ನಲ್ 0.67ಕ್ಕೆ ಬೀಳುತ್ತದೆ, 0.3ರ ಸಿಂಕ್ 0.2ಕ್ಕೆ. ಮಂಕಿಗೂ ಸೊಟ್ಟಕ್ಕೂ ಒಂದೇ ಕಾರಣ.

ಟಿ-ಕನೆಕ್ಟರ್ ತೆಗೆದು ಬಿಸಾಕಿದೆ. ಮಾನಿಟರ್ ಹಿಂದೆ ಇನ್, ಔಟ್ ಎರಡೂ ಬಿಎನ್‌ಸಿ ಸಾಕೆಟ್ (ತಿರುಗಿಸಿ ಕೂರಿಸುವ ಬಗೆಯವು) ಇದ್ದವು. ಕನ್ಸೋಲ್ ಇನ್‌ಗೆ, ಔಟ್‌ನಿಂದ ಲೈನ್ ಡಬ್ಲರ್‌ಗೆ. ಮಾನಿಟರ್‌ನ ಟರ್ಮಿನೇಷನ್ ಸ್ವಿಚ್ ಆಫ್. ಸರಪಳಿಯ ಕೊನೆಯಲ್ಲಿರುವವರು ಮಾತ್ರ 75 ಓಮ್ ಕೊಡಬೇಕು. ಬಣ್ಣ ಸರಿಯಾಯಿತು, ಆದರೆ ಮೇಲ್ಭಾಗ ಇನ್ನೂ ಬಾಗುತ್ತಿತ್ತು. ನೋಡಿದರೆ ಸಿಂಕ್‌ಗೆ ಬೇರೆಯೇ ಸ್ವಿಚ್! ಅದನ್ನೂ ಆಫ್ ಮಾಡಿದ ಮೇಲೆ ಗೆರೆ ನೆಟ್ಟಗಾಯಿತು. ಕೆಲವು ಮಾನಿಟರ್‌ಗಳಲ್ಲಿ ಔಟ್‌ಗೆ ಕೇಬಲ್ ಚುಚ್ಚಿದರೆ ಇದು ತಾನಾಗಿಯೇ ಆಗುತ್ತದೆ. ಔಟ್ ಇಲ್ಲದವರು, ಸಿಗ್ನಲ್ಲನ್ನು ಕುಗ್ಗಿಸದೆ ಹಂಚುವ, ಕರೆಂಟ್ ಹಾಕುವ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ತಗೊಳ್ಳಿ, ಸುಮ್ನೆ ವೈರ್ ಕವಲೊಡೆಯಬೇಡಿ. ಮತ್ತೊಂದು ಮಾತು: ಟಿಟಿಎಲ್ ಮಟ್ಟದ (ಡಿಜಿಟಲ್ ಚಿಪ್‌ಗಳು ಬಳಸುವ ವೋಲ್ಟೇಜಿನ) ಸಿಂಕ್ ಬರುವ ಕೇಬಲ್ ಇದ್ದರೆ ಅದನ್ನು ನೇರವಾಗಿ ಚುಚ್ಚಬೇಡಿ. ಅದರ ವೋಲ್ಟೇಜ್ ಹಲವು ಪಟ್ಟು ಜಾಸ್ತಿ. ನಡುವೆ ರೆಸಿಸ್ಟರ್ ಇಲ್ಲದಿದ್ದರೆ ಮುಂದಿನ ಉಪಕರಣ ಸುಟ್ಟುಹೋಗಬಹುದು.

ಟಿವಿ ಮಾತ್ರ ಆಗಲೂ ಕಪ್ಪಾಗುತ್ತಿತ್ತು. ಅದು ಬೇರೆಯದೇ ತೊಂದರೆ. ಈ ಕನ್ಸೋಲ್ ಸೆಕೆಂಡಿಗೆ 60 ಅಲ್ಲ, ಸುಮಾರು 60.1 ಚಿತ್ರ ಕಳಿಸುತ್ತದೆ. ಸಿಆರ್‌ಟಿಗೆ ಅದು ಲೆಕ್ಕಕ್ಕಿಲ್ಲ, ಬಂದ ವೇಗಕ್ಕೆ ಹೊಂದಿಕೊಳ್ಳುತ್ತದೆ. ಲೈನ್ ಡಬ್ಲರ್ ಗೆರೆಗಳನ್ನಷ್ಟೇ ಹೆಚ್ಚಿಸಿ ಅದೇ ವೇಗವನ್ನು ಮುಂದೆ ದಾಟಿಸುತ್ತದೆ. ನನ್ನ ಟಿವಿ ಅದಕ್ಕೆ ಒಪ್ಪುತ್ತಿರಲಿಲ್ಲ. ಹಾಗಾಗಿ ಲೈನ್ ಡಬ್ಲರ್ ಬದಲು ಫ್ರೇಮ್ ಬಫರ್ (ಇಡೀ ಚಿತ್ರವನ್ನು ಹಿಡಿದಿಡುವ ಮೆಮೊರಿ) ಇರುವ ಸ್ಕೇಲರ್ ತಂದು, ಹೊರಗೆ ಬರುವುದನ್ನು 60 ಹರ್ಟ್ಜ್‌ಗೆ ಕಟ್ಟಿದೆ. ಹತ್ತು ಸೆಕೆಂಡಿಗೊಮ್ಮೆ ಒಂದು ಚಿತ್ರ ಬಿಟ್ಟುಹೋಗುತ್ತದೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಇದರಿಂದ ಟಿವಿ ಚಿತ್ರ ಒಂದಿಷ್ಟು ತಡವಾಗುತ್ತದೆ, ನಿಜ. ಆಡುವವನು ಮಾನಿಟರ್ ನೋಡುತ್ತಾನೆ, ಹಾಗಾಗಿ ಅವನಿಗೆ ತೊಂದರೆಯಿಲ್ಲ. ಧ್ವನಿಯನ್ನು ಮಾನಿಟರ್ ಕಡೆಯಿಂದ ಮಾತ್ರ ಬಿಟ್ಟಿದ್ದೇನೆ. ಎರಡೂ ಕಡೆ ಬಿಟ್ಟರೆ ಪ್ರತಿ ಜಿಗಿತದ ಸದ್ದು ಎರಡೆರಡು ಸಲ ಕೇಳಿಸುತ್ತದೆ.