ಕೂಡಿದರೆ ದೊಡ್ಡದಾಗಲೇಬೇಕೇ?

ಕೋಲಾರದ ನಮ್ಮ ಬೀದಿಯ ಏಳನೇ ತರಗತಿ ಮಕ್ಕಳು ಸಂಜೆ ಲೆಕ್ಕದ ಪುಸ್ತಕ ಹಿಡಿದು ಬರುತ್ತಾರೆ. −3 + (−5) ಎಷ್ಟು ಅಂದರೆ ಥಟ್ಟನೆ 8 ಎನ್ನುತ್ತಾರೆ. ‘ಮೈನಸ್ಸು ಮೈನಸ್ಸು ಸೇರಿದರೆ ಪ್ಲಸ್ಸು’ ಎಂದು ಬಾಯಿಪಾಠ ಮಾಡಿರುತ್ತಾರೆ. ಅದು ಗುಣಾಕಾರದ ಮಾತು. ಕೂಡುವಾಗ ಈ ಅಡ್ಡದಾರಿ ಬೇಡವೇ ಬೇಡ.

ಮೊದಲು ಚಿಹ್ನೆ ನೋಡಿ. ಎರಡೂ ಒಂದೇ ಆಗಿದ್ದರೆ ಅಂಕಿ ಕೂಡಿ, ಅದೇ ಚಿಹ್ನೆ ಹಾಕಿ. ಉತ್ತರ −8.

ಚಿಹ್ನೆ ಬೇರೆ ಬೇರೆ ಇದ್ದಾಗಲೇ ಮಕ್ಕಳು ಎಡವುವುದು. ಆಗ ನಾನು ಪೆನ್ಸಿಲ್ ಕೆಳಗಿಡಿಸಿ ಟೊಮೆಟೊ ಮಂಡಿಯ ಲೆಕ್ಕ ಹೇಳುತ್ತೇನೆ. ರೈತ ಮಂಡಿಯಲ್ಲಿ 8 ಸಾವಿರ ಮುಂಗಡ ತಂದಿದ್ದಾನೆ: −8. ಬಾಕ್ಸ್‌ಗಳು ಹರಾಜಾಗಿ 5 ಸಾವಿರ ಬಂತು: +5. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದರೆ 3. ದೊಡ್ಡದು ಸಾಲದ ಕಡೆಯದು, ಹಾಗಾಗಿ −3. ಇಷ್ಟಕ್ಕೇ ಬಿಡಬೇಡಿ, ಎರಡು ಪ್ರಶ್ನೆ ಕೇಳಿ. ಸಾಲ ಏನಾಯಿತು? 8ರಿಂದ 3ಕ್ಕೆ ಇಳಿಯಿತು. ರೈತನ ಸ್ಥಿತಿ? ಮೇಲಾಯಿತು. ಅಂದರೆ −3 ಎಂಬುದು −8ಕ್ಕಿಂತ ದೊಡ್ಡ ಸಂಖ್ಯೆ, ಆದರೆ ಸೊನ್ನೆಗೆ ಹತ್ತಿರದ್ದು. ಸೊನ್ನೆಯಿಂದ ಇರುವ ಈ ದೂರಕ್ಕೇ ನಿರಪೇಕ್ಷ ಮೌಲ್ಯ ಎಂದು ಹೆಸರು. ಧನಸಂಖ್ಯೆ ಕೂಡಿದರೆ ಬೆಲೆ ಯಾವಾಗಲೂ ಏರುತ್ತದೆ. ದೂರ ಮಾತ್ರ ಇಳಿಯಲೂಬಹುದು, ಏರಲೂಬಹುದು. 5ರ ಬದಲು 20 ಸಾವಿರ ಬಂದಿದ್ದರೆ ಸಾಲ ತೀರಿ 12 ಉಳಿಯುತ್ತಿತ್ತು, ದೂರ 8ರಿಂದ 12ಕ್ಕೆ ಬೆಳೆಯುತ್ತಿತ್ತು. ಸಾಲದ ಹೋಲಿಕೆ ನನ್ನದಲ್ಲ. 628ರಲ್ಲೇ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಈ ನಿಯಮಗಳನ್ನು ಧನ, ಋಣ ಎಂದೇ ಹೇಳಿದ್ದಾನೆ.

ಮುಂದೆ ಸಂಖ್ಯಾರೇಖೆ. ಅಂಗಡಿಯ ಪ್ಲಾಸ್ಟಿಕ್ ಪಟ್ಟಿಗೆ ದುಡ್ಡು ಹಾಕಬೇಡಿ. ಹತ್ತಕ್ಕೇ ಮುಗಿದುಹೋಗುವ ಪಟ್ಟಿಯಲ್ಲಿ 12 ಎಲ್ಲಿ ಹುಡುಕುವುದು? ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೇಲಿನಿಂದ ಕೆಳಕ್ಕೆ ಗೆರೆ ಎಳೆಯಿರಿ. ಅಡ್ಡಗೆರೆಗಿಂತ ಇದೇ ಮೇಲು. ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ನೆಲ ಸೊನ್ನೆ, ಕೆಳಗೆಲ್ಲ ಋಣ ಎಂದರೆ ಇಲ್ಲಿನ ಮಕ್ಕಳಿಗೆ ಬೇರೆ ವಿವರಣೆ ಬೇಕಿಲ್ಲ. 2 + (−6) ಆದರೆ 2ರಿಂದ ಆರು ಹೆಜ್ಜೆ ಇಳಿಯಬೇಕು. 2ರ ಮೇಲೆ ಬೆರಳಿಟ್ಟೇ ‘ಒಂದು’ ಎನ್ನುವ ಮಕ್ಕಳು −3ಕ್ಕೆ ನಿಂತುಬಿಡುತ್ತಾರೆ. ಬೆರಳು 1ಕ್ಕೆ ಇಳಿದಾಗಲೇ ‘ಒಂದು’. ಆಗ −4 ಸಿಗುತ್ತದೆ.

ನಾಲ್ಕೈದು ಸಂಖ್ಯೆ ಇದ್ದರೆ ಧನ ಒಂದು ಕಡೆ, ಋಣ ಒಂದು ಕಡೆ ಗುಡ್ಡೆ ಹಾಕಿ, ಕೊನೆಗೆ ಒಮ್ಮೆ ಕೂಡಿ. −7 + 12 + (−9) + 4 ಮಾಡಿಸಿ ನೋಡಿ: ಬಂದದ್ದು 16, ಕೊಡಬೇಕಾದದ್ದು 16, ಬಾಕಿ ಸೊನ್ನೆ.